ಸುಮಾರು ಎರಡೂವರೆ

೩ ಫೆಬ್ರವರಿ ೧೯೭೦, ಮಂಗಳವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಓರೆಯಾದರೆ ಆಗಲಿ.

ಮಲಾಡಿನ ಮಹಿಳಾ ಮಂಡಳಿಯ ವಸಂತಿಬಾಯಿ ಇವತ್ತು ನಮ್ಮ ವಡಾಲದ ಚಾಳಿಗೆ ಬಂದರು. ಧಾರವಾಡದವರು, ಡಾಕ್ಟರರ ಹೆಂಡತಿ. ಮಂಡಳಿ ನಡೆಸುವ ಮಕ್ಕಳ ಆಶ್ರಮಕ್ಕೆ ಹತ್ತು ಕೌದಿ ಬೇಕಂತೆ. ಬಟ್ಟೆ ಅವರದೇ, ಹೊಸ ಗಿರಣಿ ಬಟ್ಟೆ: ನೀಲಿ ಚೌಕಡಿ, ಕೆಂಪು ಹೂವು, ಬರೀ ಹಳದಿ. ಒಂದೊಂದೂ ಹನ್ನೊಂದೂಕಾಲು ಗಜ. ಬಟ್ಟೆ ಇಳಿಸಿದ ಮೇಲೆ ಚೀಲದಿಂದ ಉಕ್ಕಿನ ಫೂಟಪಟ್ಟಿಯೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ಒಂದೊಂದು ಚೌಕ ಒಂಬತ್ತು ಇಂಚಿಂದು. ಬಟ್ಟಿ ಎಲ್ಲಾ ಲೆಕ್ಕಾ ಹಾಕೇ ತಂದೀನಿ, ಒಂದು ಚೂರೂ ಉಳೀಬಾರದು. ನಿಮ್ಮ ಮಂದಿ ಗೇಣು ಹಾಕಿ ಕತ್ತರಸ್ತಾರ. ಅದು ಬ್ಯಾಡ."

ನಿಮ್ಮ ಮಂದಿ! ವಿಜಾಪುರ, ಕಲಬುರ್ಗಿಯಿಂದ ಬಂದು ಈ ಊರಿನ ಬಿಲ್ಡಿಂಗುಗಳಿಗೆಲ್ಲ ಇಟ್ಟಿಗೆ ಹೊತ್ತ ಹೆಂಗಸರು ಇವರಿಗೆ 'ಮಂದಿ'. ನಾನು ಉಡುಪಿ ಕಡೆಯವಳು, ಸಯನ್ನಿನ ಹೋಟೆಲಿನ ಅಡುಗೆಯವನ ಮಗಳು, ಈ ಹೆಂಗಸರಿಗೆ ಮಧ್ಯಾಹ್ನ ಅಕ್ಷರ ಕಲಿಸುವವಳು. ಆ ಮಂದಿಯಲ್ಲಿ ನಾನೂ ಒಬ್ಬಳು ಎಂದು ಅಲ್ಲೇ ಹೇಳಬೇಕಿತ್ತು. ಚಾಳಿನಲ್ಲಿ ಕೌದಿ ಹೊಲಿಯುವ ಹಿರಿಯಾಕೆ ಹನುಮವ್ವ ನನ್ನ ಸೆರಗು ಜಗ್ಗಿದ್ದರಿಂದ ಸುಮ್ಮನಾದೆ.

ಸುಮ್ಮನಾಗಿದ್ದು ಇಂದ್ರಾಬಾಯಿಗಾಗಿ. ಕಳೆದ ವರ್ಷ ಸಾರವೆಯಿಂದ ಬಿದ್ದ ಮೇಲೆ ಅವರ ಸೊಂಟ ನೆಟ್ಟಗಿಲ್ಲ. ಬುಟ್ಟಿ ಹೊರಲಾಗದವಳಿಗೆ ಗುಡಿಸಲು ಯಾಕೆ ಎಂದು ಕಂತ್ರಾಟದಾರ ಹೊರಗೆ ಹಾಕಿದ. ಆರು ವರ್ಷದ ಮಗಳು ರಾಚಿಯೊಂದಿಗೆ ಹನುಮವ್ವನ ಖೋಲಿಯಲ್ಲಿ ಮಲಗುತ್ತಾರೆ. ಕೌದಿ ಸರಿಬಂದರೆ ಅವರನ್ನು ಆಶ್ರಮದ ಹೊಲಿಗೆ ಕೆಲಸಕ್ಕೆ ಇಟ್ಟುಕೊಂಡು, ಇರಲು ಒಂದು ಕೋಣೆ ಕೊಡುತ್ತಾರಂತೆ. ರಾಚಿಗೆ ಅಲ್ಲೇ ಶಾಲೆ.

ಒಂದು ಹೆಂಗಸಿನ ಬಾಳು ಒಂಬತ್ತು ಇಂಚಿನ ಮೇಲೆ ನಿಲ್ಲಬೇಕು. ಇಂಥ ವ್ಯವಸ್ಥೆಗೆ ಬೆಂಕಿ ಹಾಕಬೇಕು.

೫ ಫೆಬ್ರವರಿ

ಅಳತೆಪಟ್ಟಿ ಆರಿಸುವುದೂ ಪಕ್ಷ ಆರಿಸಿದ ಹಾಗೆಯೇ. ಇದು ಯಾರಿಗೂ ಅರ್ಥವಾಗುವುದಿಲ್ಲ.

ವಸಂತಿಬಾಯಿಯ ಉಕ್ಕಿನ ಪಟ್ಟಿಯಲ್ಲಿ ಇರುವುದು ಬರೀ ಇಂಚು. ಸ್ವಾತಂತ್ರ್ಯ ಬಂದು ಇಪ್ಪತ್ತೆರಡು ವರ್ಷ ಕಳೆದರೂ ರಾಜನ ಕಾಲಿನ ಅಳತೆ, ಹೆಬ್ಬೆರಳಿನ ಅಳತೆ! ಸರ್ಕಾರವೇ ಮೀಟರ್ ತಂದು ಎಷ್ಟೋ ವರ್ಷವಾಯಿತು. ಹತ್ತು, ನೂರು, ಸಾವಿರ: ಬೆರಳೆಣಿಸಲು ಬರುವ ಯಾವ ಕೂಲಿಯವಳಿಗೂ ತಿಳಿಯುವ ಅಳತೆ. ಆ ಪಟ್ಟಿಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ದಾದರಿಗೆ ಹೋದೆ.

ನಾಲ್ಕು ಅಂಗಡಿ ಹತ್ತಿದೆ. ಶಾಲೆಯ ಮರದ ಪಟ್ಟಿ ಬೇಡ, ಕತ್ತರಿ ಅದರ ಅಂಚನ್ನು ಕಚ್ಚಿ ಕಚ್ಚಿ ತಿನ್ನುತ್ತದೆ; ತಿಂಗಳಲ್ಲಿ ನೆಟ್ಟಗಿನ ಗೆರೆಯೇ ಬಾಗುತ್ತದೆ. ದರ್ಜಿಗಳ ಟೇಪು ಎಳೆದೆಳೆದು ಉದ್ದವಾಗುತ್ತದೆ. ಪ್ಲಾಸ್ಟಿಕ್ಕಿನದು ಪಾರದರ್ಶಕ, ಕೆಳಗಿನ ಹೂವು ಕಾಣುತ್ತದೆ, ಆದರೆ ಒಂದೇ ಅಡಿ ಉದ್ದ, ಬಿಸಿಲಿಗೆ ಸೊಟ್ಟಗಾಗುತ್ತದೆ. ಕೊನೆಗೆ ಸಿಕ್ಕಿತು: ಸಾಗುವಾನಿ, ಎರಡು ಬೆರಳು ಅಗಲ, ಎರಡೂ ತುದಿಗೆ ಹಿತ್ತಾಳೆಯ ಟೊಪ್ಪಿ, ಪೂರಾ ಒಂದು ಮೀಟರ್. ಸೆಂಟಿಮೀಟರ್ ಬಿಟ್ಟು ಬೇರೇನೂ ಇಲ್ಲ.

"ಇಸ್ ಮೇ ಇಂಚ್ ನಹೀಂ ಹೈ, ಬೇನ್. ಸೋಚ್ ಲೋ" ಎಂದ ಅಂಗಡಿಯವ.

"ಇಂಚ್ ಅಂಗ್ರೇಜ್ ಕೇ ಸಾಥ್ ಜಹಾಜ್ ಮೇ ಚಲಾ ಗಯಾ" ಎಂದೆ. ಇಂಗ್ಲಿಷರ ಜೊತೆಗೇ ಇಂಚೂ ಹಡಗು ಹತ್ತಿ ಹೋಯಿತು!

ಅವನು ನಕ್ಕ. ವ್ಯಾಪಾರಿಗಳ ನಗು ನನಗೆ ಗೊತ್ತು.

೬ ಫೆಬ್ರವರಿ

ಅಪ್ಪ ಪಟ್ಟಿಯನ್ನು ತಿರುಗಿಸಿ ನೋಡಿದರು. "ಅವರು ಇಂಚು ಹೇಳಿದ್ದಲ್ವಾ ಮಗಾ? ಮತ್ತೆ ಇದೆಂತಕ್ಕೆ?"

"ಲೆಕ್ಕ ಮಾಡಿದರೆ ಆಯಿತು. ಒಂದು ಇಂಚೆಂದರೆ ಎರಡೂವರೆ ಸೆಂಟಿಮೀಟರ್. ಒಂಬತ್ತಕ್ಕೆ ಇಪ್ಪತ್ತೆರಡೂವರೆ."

"ಗಿರಾಕಿ ದೋಸೆ ಹೇಳಿದ್ರೆ ನಾನು ದೋಸೆಯೇ ಹುಯ್ಯುವುದು ಮಾರಾಯ್ತಿ. ಇಡ್ಲಿ ಕೊಟ್ಟು ಲೆಕ್ಕ ಮಾಡಿ ತಿನ್ನಿ ಅಂತ ಹೇಳ್ಲಿಕ್ಕೆ ಉಂಟಾ?"

ಮೂವತ್ತು ವರ್ಷ ಮಾಲೀಕರ ಒಲೆಯ ಮುಂದೆ ನಿಂತವರ ತಲೆ ಹೀಗೇ ಆಗುತ್ತದೆ. ಮೀಟರಿನ ಬಗ್ಗೆ ಸರ್ಕಾರ ಹಂಚಿದ ಕರಪತ್ರದಲ್ಲಿ ಎರಡೂವರೆ ಎಂದು ಅಚ್ಚಾಗಿರುವುದನ್ನು ತೋರಿಸಿದೆ, ಕೆಂಪು ಪೆನ್ಸಿಲಿನಿಂದ ನಾನೇ ಗೆರೆ ಎಳೆದಿದ್ದೇನೆ. ಅವರು ಕನ್ನಡಕ ಇಲ್ಲ ಎಂದು ಎದ್ದು ಹೋದರು.

೧೦ ಫೆಬ್ರವರಿ

ಕತ್ತರಿಸುವುದು ಶುರುವಾಯಿತು. ಗಂಜಿಯ ಹೊಸ ಬಟ್ಟೆಯ ಮೇಲೆ ಪಟ್ಟಿ ಜಾರುತ್ತದೆ. ಬೆಳಿಗ್ಗೆ ಎರಡು ಗೆರೆ ಹಾಳಾದವು, ಸದ್ಯ ಕತ್ತರಿ ಹಾಕಿರಲಿಲ್ಲ. ಹನುಮವ್ವ ಎದ್ದು ಸೈಕಲ್ ಅಂಗಡಿಯಿಂದ ಹರಿದ ಟ್ಯೂಬು ತಂದು, ಎರಡು ಪಟ್ಟೆ ಕೊಯ್ದು ಪಟ್ಟಿಯ ಬೆನ್ನಿಗೆ ಅಂಟಿಸಿದರು. ಆಮೇಲೆ ಅದು ಕದಲಲಿಲ್ಲ.

"ಈಗ ಕುಂತ್ಲು ನೋಡು, ಅತ್ತಿ ಮನ್ಯಾಗ ಸೊಸಿ ಕುಂತಂಗ" ಎಂದರು. ಎಲ್ಲರೂ ನಕ್ಕರು.

ಕೆಲಸ ಹೀಗೆ: ಬಟ್ಟೆಯ ಒಂದು ಅಂಚನ್ನು ಹನುಮವ್ವ ಹರಿಯುತ್ತಾರೆ, ಎಳೆಯ ಗುಂಟ ನೆಟ್ಟಗೆ ಬರಲಿ ಎಂದು. ಆ ಅಂಚಿಗೆ ನಾನು ಪಟ್ಟಿ ಇಟ್ಟು, ಒಂದು ತುದಿಗೆ ಮೊಣಕಾಲೂರಿ, ಇಪ್ಪತ್ತೆರಡೂವರೆಗೊಮ್ಮೆ ಸಾಬೂನಿನ ಚೂರಿನಿಂದ ಗುರುತು ಹಾಕಿ ಗೆರೆ ಎಳೆಯುತ್ತೇನೆ. ಕೂತಲ್ಲೇ ಮಾಡುವ ಕೆಲಸವಾದ್ದರಿಂದ ಕತ್ತರಿ ಇಂದ್ರಾಬಾಯಿಯದು. ಅವರ ಕತ್ತರಿ ಒಮ್ಮೆಯೂ ಗೆರೆ ಬಿಡುವುದಿಲ್ಲ.

ಹನುಮವ್ವನ ಜೊತೆ ಜಗಳವೂ ಆಯಿತು. "ಬಾಯಾರ, ಒಂದ ಕೌದಿಗಾಗೂ ಅಷ್ಟ ಕತ್ತರಸೂಣು. ಹೊಲದು ನೋಡೂಣು. ಆಮ್ಯಾಗ ಉಳದದ್ದು."

ಅದು ಮನೆಗೆಲಸದ ಕ್ರಮ. ಕಾರ್ಖಾನೆಯ ಕ್ರಮವೇ ಬೇರೆ: ಎಲ್ಲ ಕತ್ತರಿಸಿ ಮುಗಿಸಿ, ಆಮೇಲೆ ಎಲ್ಲ ಹೊಲಿಯುವುದು. ಹತ್ತು ಕೌದಿಗೆ ಐನೂರ ನಲವತ್ತು ಚೌಕ. ಬೋರ್ಡಿನ ಮೇಲೆ ಬರೆದು ವಿವರಿಸಿದೆ.

"ನಾ ಕೌದಿ ಹೊಲೀತೀನಿ ಯವ್ವಾ, ಕಾರ್ಖಾನಿ ಅಲ್ಲ" ಎಂದರು. ಹಿಂದುಳಿದಿರುವುದನ್ನೇ ಜಂಬ ಮಾಡಿಕೊಂಡವರೊಂದಿಗೆ ಎಷ್ಟು ಹೋರಾಡುವುದು?

೧೭ ಫೆಬ್ರವರಿ

ಗೆದ್ದೆ! ಐನೂರ ನಲವತ್ತೂ ಮುಗಿದವು. ಒಂದರ ಮೇಲೊಂದು ಒಟ್ಟಿದರೆ ಇಟ್ಟಿಗೆಯ ಸಾಲಿನಂತೆ ನಿಲ್ಲುತ್ತವೆ. ಅಷ್ಟೇ ಅಲ್ಲ, ಮೂರು ಬಣ್ಣದಲ್ಲೂ ಕೊನೆಯಲ್ಲಿ ಮುಕ್ಕಾಲು ಗೇಣಿನಷ್ಟು ಬಟ್ಟೆ ಉಳಿಯಿತು, ಪೂರ್ತಿ ಪನ್ನದ್ದು, ಬಟ್ಟೆಯ ಅಗಲದುದ್ದಕ್ಕೂ. ಒಂದು ಚೂರೂ ಉಳಿಯಬಾರದು ಎಂದವರ ಇಂಚು ಎಲ್ಲಿ, ನನ್ನ ಮೀಟರ್ ಎಲ್ಲಿ! ಒಳ್ಳೆಯ ಅಳತೆ ಬಟ್ಟೆ ಉಳಿಸುತ್ತದೆ.

ಮೂರು ತುಂಡನ್ನೂ ಇಂದ್ರಾಬಾಯಿಯ ಮಡಿಲಿಗೆ ಹಾಕಿದೆ. ಅವರು ಮುಟ್ಟಲಿಲ್ಲ.

"ಮಲಾಡ ಬಾಯಾರಿಗೆ ಒಂದ ಮಾತ ಕೇಳ್ರಿ."

"ಕೇಳುವುದೇನು? ದುಡಿದವರ ಕೈಯಲ್ಲಿ ಉಳಿದದ್ದು ದುಡಿದವರದ್ದು. ಇದು ಭಿಕ್ಷೆಯಲ್ಲ, ಹಕ್ಕು."

"ಹಕ್ಕ ಅಂದ್ರ ಕೇಳಿದ್ರ ಹೋಗ್ತೈತೇನು?"

"ರಾಚಿಗೆ ಒಂದು ಲಂಗ ಹೊಲಿಯಿರಿ. ನಾನು ಹೇಳುತ್ತಿದ್ದೇನಲ್ಲ" ಎಂದೆ.

ತೆಗೆದುಕೊಂಡರು. ಹಕ್ಕನ್ನು ಕೈಯಲ್ಲಿ ಹಿಡಿಯಲೂ ಹೆದರುವಂತೆ ಮಾಡಿಟ್ಟಿದ್ದಾರೆ ಇವರನ್ನು.

೨೬ ಫೆಬ್ರವರಿ

ಮೊದಲ ಕೌದಿ ಮುಗಿಯಿತು. ರಾಚಿಯ ಲಂಗವೂ. ಮೂರು ಸುತ್ತು: ನೀಲಿ, ಕೆಂಪು, ಹಳದಿ. ಓಣಿಯ ತುಂಬ ತಿರುಗಿ ತಿರುಗಿ ತೋರಿಸಿದಳು.

೧ ಮಾರ್ಚ್, ಭಾನುವಾರ

ಬರೆಯಲೇಬೇಕು, ಇಲ್ಲದಿದ್ದರೆ ಯಾರನ್ನಾದರೂ ಹೊಡೆದುಬಿಡುತ್ತೇನೆ.

ವಸಂತಿಬಾಯಿ ಕೌದಿ ನೋಡಲು ಬಂದರು. ಹಾಸಿಸಿದರು. ಚೀಲದಿಂದ ಟೇಪು ತೆಗೆದು ಉದ್ದ ಅಳೆದರು. ಮತ್ತೊಮ್ಮೆ ಅಳೆದರು.

"ಎಪ್ಪತ್ತೆರಡು ಇರಬೇಕು. ಎಪ್ಪತ್ತೂಮುಕ್ಕಾಲು ಆಗೇದ. ಒಂದೂಕಾಲು ಇಂಚು ಕಡಿಮಿ. ಅಗಲದಾಗೂ ಮುಕ್ಕಾಲು ಇಂಚು ಹೋಗೇದ."

ಅಷ್ಟರಲ್ಲಿ ರಾಚಿ ಲಂಗ ಹರಡಿಕೊಂಡು ಬಾಗಿಲಿಗೆ ಬಂದಳು. ವಸಂತಿಬಾಯಿ ಲಂಗವನ್ನು ನೋಡಿದರು, ಕೌದಿಯನ್ನು ನೋಡಿದರು.

"ಇದು ಎಲ್ಲಿಂದ ಬಂತು ಪುಟ್ಟೀ?"

"ನಮ್ಮವ್ವ ಹೊಲದಾಳ!"

"ನಾ ಒಂದು ಚೂರೂ ಉಳೀದಂಗ ಕೊಟ್ಟೀನಿ. ಕೌದಿ ಸಣ್ಣದಾಗೇದ, ಲಂಗ ಬಂದದ. ನಾ ಏನಂತ ತಿಳಕೋಬೇಕು?" ಎಂದು ಇಂದ್ರಾಬಾಯಿಯ ಕಡೆ ತಿರುಗಿದರು. "ಕತ್ತರಿ ಹಿಡದಾಕಿ ನೀನೇ ಅಂತ. ಮಕ್ಕಳ ಹಾಸಿಗ್ಯಾಗಿಂದು ಕದ್ದು ಮಗಳಿಗೆ ಹೊಲಿಸೀದಿ. ಕಳ್ಳೀನ್ನ ತಗೊಂಡು ಹೋಗಿ ಆಶ್ರಮದಾಗ ಇಟಗೊಳ್ಳೇನು ನಾನು?"

ನಾನು ಎದ್ದು ನಿಂತೆ. ಹತ್ತು ನಿಮಿಷ ಬಿಡದೆ ಮಾತಾಡಿದೆ. ಕದ್ದವರು ಯಾರು ಎಂದು ಕೇಳಿದೆ. ಗಿರಣಿಗಳನ್ನು ಕಟ್ಟಿದ ಕೈಗಳ ಬಗ್ಗೆ ಹೇಳಿದೆ. ಬಟ್ಟೆ ದುಡಿಯುವವರದ್ದು, ತೆಗೆದುಕೊಂಡರೆ ತಪ್ಪೇನು ಎಂದೆ. ಚಾಳಿನ ಹೆಂಗಸರೆಲ್ಲ ಬಂದು ನಿಂತಿದ್ದರು. ಇಂದ್ರಾಬಾಯಿ ಉದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದರು, ಏನಕ್ಕೋ ಕಾಯುವವರಂತೆ. ನನ್ನ ಮಾತಿನಿಂದ ಅವರಿಗೆ ಧೈರ್ಯ ಬಂದಿರಬೇಕು.

ವಸಂತಿಬಾಯಿ ಟೇಪು ಸುತ್ತಿ ಎದ್ದರು. "ತಗೊಂಡದ್ದು ಖರೆ ಅಂತ ನಿಮ್ಮ ಟೀಚರೇ ಹೇಳಿದ್ರಲ್ಲ. ಕೆಲಸ ಯಾರಿಗೆ ಅಂತ ಹದಿನೈದನೇ ತಾರೀಕು ಕಮಿಟಿ ನೋಡ್ತದ" ಎಂದು ಹೊರಟುಹೋದರು.

ನನ್ನ ಮಾತನ್ನು ಹೇಗೆ ತಿರುಚಿದರು!

೨ ಮಾರ್ಚ್

ಕೌದಿ ಸಣ್ಣದಾದದ್ದು ಹನುಮವ್ವನ ಕೈಯಿಂದ. ಅಂಚಿನ ಮಡಿಕೆ ಅರ್ಧ ಇಂಚು ಹಿಡಿಯಬೇಕು. ಅವರು ಕಣ್ಣಳತೆಯಲ್ಲಿ ಹೆಚ್ಚು ಹಿಡಿದಿದ್ದಾರೆ. ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿದೆ.

ಅವರು ಕೌದಿಯ ಮೂಲೆಯಿಂದ ಒಂದು ಚೌಕದ ಹೊಲಿಗೆ ಬಿಚ್ಚಿ ನನ್ನ ಮುಂದಿಟ್ಟರು. ಮಡಿಕೆಯ ಗೀರು ಸ್ಪಷ್ಟವಾಗಿ ಕಾಣುತ್ತಿತ್ತು.

"ಮಡಿಕಿ ಅಳೀರಿ. ಆಮ್ಯಾಗ ಚೌಕ ಅಳೀರಿ. ನಿಮ್ಮ ಕಟಗೀಲೆ ಅಲ್ಲ, ಆ ಬಾಯಾರ ಕೊಟ್ಟ ಪಟ್ಟೀಲೆ."

"ಅದನ್ನು ನಾನು ಮುಟ್ಟುವುದಿಲ್ಲ" ಎಂದೆ.

"ಮುಟ್ಟಿದ್ರ ಮೈಲಿಗಿ ಆಕ್ಕತೇನು? ಮಡಿ ಬಿಟ್ಟಾಕಿ ಅಂತಿದ್ದಿ, ಇದ್ಯಾವ ಮಡಿ ಹಿಡದಿ?"

ಹೆಂಗಸರು ಮುಸಿಮುಸಿ ನಕ್ಕರು. ಅಕ್ಷರ ಕಲಿಸಿದ್ದಕ್ಕೆ ಸಿಕ್ಕ ಬಹುಮಾನ ಇದು.

೪ ಮಾರ್ಚ್

ಅಳೆದೆ.

ಉಕ್ಕಿನ ಪಟ್ಟಿಯನ್ನು ಪೆಟ್ಟಿಗೆಯ ತಳದಿಂದ ತೆಗೆದು, ಮೀಟರಿನ ಪಕ್ಕಕ್ಕೆ ತುದಿಗೆ ತುದಿ ಹೊಂದಿಸಿ ಇಟ್ಟೆ. ಅದರ ಒಂಬತ್ತರ ಗೆರೆ ನನ್ನ ಇಪ್ಪತ್ತೆರಡೂವರೆಯ ಎದುರಿಗಿಲ್ಲ. ಅದನ್ನು ದಾಟಿ, ಮೂರು ಸಣ್ಣ ಗೆರೆಗಳನ್ನೂ ದಾಟಿ ನಾಲ್ಕನೆಯದರ ಹತ್ತಿರ ನಿಂತಿದೆ. ಒಂದು ಚೌಕಕ್ಕೆ ಅಷ್ಟು. ಸಾಲಿಗೆ ಒಂಬತ್ತು ಚೌಕ.

ಕರಪತ್ರ ತೆಗೆದೆ. ಕೆಂಪು ಗೆರೆ 'ಎರಡೂವರೆ'ಯ ಕೆಳಗಿದೆ. ಅದರ ಹಿಂದೆ ಇನ್ನೊಂದು ಪದ ಇದೆ, ಅದರ ಕೆಳಗೆ ಗೆರೆಯಿಲ್ಲ. 'ಸುಮಾರು'.

ಕರಪತ್ರವನ್ನು ಹರಿದು ಹಾಕಿದೆ. ಬರೆದವನಿಗೆ ಸರಿಯಾದ ಅಂಕಿ ಕೊಡಲು ಏನು ರೋಗವಾಗಿತ್ತು?

೫ ಮಾರ್ಚ್

ಹನುಮವ್ವನಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಒಂದು ಚೌಕ ತೆಗೆದುಕೊಂಡು ಉಕ್ಕಿನ ಪಟ್ಟಿಗೆ ಹಿಡಿದು, ಮಡಿಕೆಯನ್ನು ಎರಡೂ ಕಡೆ ಒಂದೊಂದು ಕೂದಲೆಳೆ ಸಡಿಲ ಬಿಟ್ಟರು. ಮಡಿಸಿದ ಮೇಲೆ ಬೇಕಾದಷ್ಟೇ, ಸರಿಯಾಗಿ ಎಂಟು ಇಂಚಿನ ಚೌಕ.

"ಮಡಿಕಿ ಚೂರು ಸಣ್ಣದು ಹಿಡದ್ರ ಹತ್ತೂ ಕೌದಿ ಅಳತಿಗೆ ಬರ್ತಾವು. ಬಟ್ಟಿಗೆ ಏನೂ ಆಗಿಲ್ಲ ತಗೀರಿ."

ಹಾಗಾದರೆ ಮುಗಿಯಿತಲ್ಲ ಎಂದೆ. ಅವರು ಇಂದ್ರಾಬಾಯಿ ಕೂರುವ ಖಾಲಿ ಜಾಗದ ಕಡೆ ಕೈ ತೋರಿಸಿದರು.

ಇಂದ್ರಾಬಾಯಿ ಕ್ಲಾಸಿಗೆ ಬರುವುದನ್ನು ಬಿಟ್ಟಿದ್ದಾರೆ. ನಳದ ಹತ್ತಿರ ಎದುರಾದರೆ ಮುಖ ತಿರುಗಿಸುತ್ತಾರೆ. ನನ್ನ ಮೇಲೇಕೆ ಸಿಟ್ಟು? ಕಳ್ಳಿ ಎಂದವಳು ನಾನೇ? ಅವರ ಪರವಾಗಿ ಹತ್ತು ನಿಮಿಷ ಮಾತಾಡಿದವಳು ನಾನೊಬ್ಬಳೇ.

೭ ಮಾರ್ಚ್

ಹನುಮವ್ವ ಒಂದು ಕಾಗದದ ಪೊಟ್ಟಣ ಕೊಟ್ಟರು. ಒಳಗೆ ಮೂರು ತುಂಡು, ನೀಲಿ, ಕೆಂಪು, ಹಳದಿ. ಒಂದೂ ಎಳೆ ಹರಿಯದಂತೆ ಹೊಲಿಗೆ ಬಿಚ್ಚಿ, ತೊಳೆದು, ಮಡಿಸಿ ಇಟ್ಟಿದ್ದಾರೆ. ಇಂದ್ರಾಬಾಯಿ ಮಲಾಡಿಗೆ ಮುಟ್ಟಿಸಲು ಹೇಳಿದರಂತೆ.

"ರಾಚಿ?" ಎಂದೆ.

"ಅತ್ತಳು. ಅಳೂದು ಮುಗೀತು."

೮ ಮಾರ್ಚ್, ಭಾನುವಾರ

ದಾದರಿನಿಂದ ಲೋಕಲ್. ಮಲಾಡಿನವರೆಗೂ ನಿಂತೇ ಹೋದೆ, ಸೀಟು ಇತ್ತು.

ವಸಂತಿಬಾಯಿ ಬಾಲ್ಕನಿಯಲ್ಲಿ ಕೂತು ಮೆಂತ್ಯ ಬಿಡಿಸುತ್ತಿದ್ದರು. ಎರಡು ಪಟ್ಟಿಗಳನ್ನೂ ಅವರ ಮುಂದಿಟ್ಟೆ. ಚೌಕ ಇಟ್ಟೆ, ತುಂಡು ಇಟ್ಟೆ. ಲೆಕ್ಕ ಹೇಳಿದೆ: ಕತ್ತರಿಸಿದ ಸಾಲಿಗೆ ಮೂರೂವರೆ ಗೆರೆಯಂತೆ ಒಂದೊಂದು ಬಣ್ಣದಲ್ಲಿ ನಲವತ್ತೈದು ಸಾಲು, ಅದೇ ಈ ಮುಕ್ಕಾಲು ಗೇಣು. ಅಳೆದವಳು ನಾನು. ಕೊಟ್ಟವಳು ನಾನು. ನಿಮ್ಮನ್ನು ಕೇಳಿ ಎಂದು ಇಂದ್ರಾಬಾಯಿ ಹೇಳಿದ್ದರು, ಬೇಡ ಎಂದವಳೂ ನಾನು.

ವಸಂತಿಬಾಯಿ ಸೊಪ್ಪಿನ ಕೈ ಒರೆಸಿಕೊಂಡು ತಾವೇ ಅಳೆದರು.

"ಇಂಚಿನ ಪಟ್ಟಿ ಕೊಟ್ಟಿದ್ನಲ್ಲ? ಯಾಕ ಹಿಡೀಲಿಲ್ಲ?"

ಬ್ರಿಟಿಷರದ್ದು ಎಂದೆ. ಹೇಳುವಾಗಲೇ ಅದು ಬಹಳ ಸಣ್ಣ ಮಾತಾಗಿ ಕೇಳಿಸಿತು.

"ಅವತ್ತು ಅಷ್ಟೆಲ್ಲಾ ಒದರಿದ್ರಿ. ಇದೊಂದು ಮಾತು ಹೇಳಿದ್ರ ಮುಗೀತಿತ್ತು. ನಾ ಕಮಿಟಿಗೆ ಹೇಳಿಬಿಟ್ಟೀನಿ. ನೀವೇ ಬಂದು ಹೇಳಬೇಕು."

ಇವರಿಗೆ ಒಬ್ಬಳನ್ನು ಕಳ್ಳಿ ಎನ್ನಲು ಒಂದು ನಿಮಿಷ ಸಾಕು, ಅಲ್ಲ ಎನ್ನಲು ಕಮಿಟಿ ಬೇಕು! ಆದರೂ ಬರುತ್ತೇನೆ ಎಂದು ಬಂದೆ.

೧೫ ಮಾರ್ಚ್, ಭಾನುವಾರ

ಹನ್ನೊಂದು ಹೆಂಗಸರು, ಚಹಾ, ಬಿಸ್ಕತ್ತು. ಮೊದಲಿನಿಂದ ಹೇಳಿದೆ, ಹಿಂದಿಯಲ್ಲಿ. ಇಂಚು ಹಡಗು ಹತ್ತಿದ ವಿಷಯಕ್ಕೆ ಬಂದಾಗ ಒಬ್ಬರು ಬಾಯಿಗೆ ಕರವಸ್ತ್ರ ಹಿಡಿದರು. ಆಮೇಲೆ ಎಲ್ಲರೂ ನಕ್ಕರು. ನಗು ನಿಲ್ಲುವವರೆಗೂ ನಿಂತಿದ್ದೆ. ನಿಂತಲ್ಲೇ ಚಹಾದ ಬಟ್ಟಲುಗಳನ್ನೆಲ್ಲ ಎತ್ತಿ ಗೋಡೆಗೆ ಬಡಿಯಬೇಕೆನಿಸಿತು. ನಗು ಮುಗಿದ ಮೇಲೆ ಉಳಿದದ್ದನ್ನೂ ಹೇಳಿದೆ.

ಕೆಲಸ ಇಂದ್ರಾಬಾಯಿಗೇ. ಕೋಣೆ ಒಂದನೆಯ ತಾರೀಕಿನಿಂದ.

೧೬ ಮಾರ್ಚ್

ಓಡಿ ಹೋಗಿ ಹೇಳಿದೆ. ಇಂದ್ರಾಬಾಯಿ ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಾ ಹೋಗಂಗಿಲ್ಲ."

"ಯಾಕೆ?"

"ಆಕಿ ನನ್ನ ಇಲ್ಲಿ ಬಂದು ಕಳ್ಳಿ ಅಂದಾಳ. ಮಲಾಡದಾಗ ಕುಂತು ಅಲ್ಲ ಅಂದ್ರ ಈ ಓಣಿಗೆ ಹೆಂಗ ಗೊತ್ತಾಕ್ಕತಿ? ಇಲ್ಲೇ ಬಂದು ಅಲ್ಲ ಅನ್ಲಿ. ಆಮ್ಯಾಗ ಹೋಗ್ತೀನಿ."

ಅವರು ಬರುವುದಿಲ್ಲ, ಅಂಥವರು ಬರುವವರಲ್ಲ ಎಂದೆ. ರಾಚಿಯ ಶಾಲೆ ನೋಡಿ ಎಂದೆ. ಸ್ವಲ್ಪ ಬಗ್ಗಿದರೆ ಏನು ಹೋಗುತ್ತದೆ, ಕೆಲಸ ಕೈತಪ್ಪುತ್ತದೆ, ದಮ್ಮಯ್ಯ ಎಂದೆ.

"ಬಗ್ಗಾಕ ನನ್ನ ಸೊಂಟ ಬಗ್ಗಂಗಿಲ್ಲವ್ವಾ" ಎಂದರು. ಹನುಮವ್ವ ಬಿದ್ದು ಬಿದ್ದು ನಕ್ಕರು.

ಮೂರ್ಖ ಹಟ. ಒಂದು ಕೋಣೆಗಾಗಿ ನಾನು ಎಷ್ಟು ಮೆಟ್ಟಿಲು ಹತ್ತಿಳಿದೆ ಎಂದು ಇವರಿಗೇನು ಗೊತ್ತು? ಆದರೂ ವಸಂತಿಬಾಯಿಗೆ ಪತ್ರ ಬರೆದೆ. ಇಂದ್ರಾಬಾಯಿ ಹೇಳಿದ ಮಾತುಗಳನ್ನೇ ಬರೆದೆ, ನನ್ನದೇನೂ ಸೇರಿಸಲಿಲ್ಲ.

೧೯ ಮಾರ್ಚ್, ಗುರುವಾರ

ನಾಲ್ಕು ಗಂಟೆಗೆ ವಸಂತಿಬಾಯಿ ಬಂದರು. ಒಬ್ಬರೇ. ಬೆವರಿದ್ದರು, ಮುಖ ಬಿಗಿದಿತ್ತು. ಹನುಮವ್ವ ನೀರು ಕೊಟ್ಟರು. ಇಂದ್ರಾಬಾಯಿ ಗೋಡೆ ಹಿಡಿದು ಎದ್ದು ಹೊಸ್ತಿಲಿಗೆ ಬಂದು ನಿಂತರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕೂಡಿದರು.

"ನಂದು ತಪ್ಪಾತು. ನೀನೇನೂ ತಗೊಂಡಿಲ್ಲ" ಎಂದರು ವಸಂತಿಬಾಯಿ, ಲೋಟ ನೋಡುತ್ತಾ.

"ಗಟ್ಟಿಗಿ ಹೇಳ್ರಿ ಬಾಯಾರ. ನೀವು ಕಳ್ಳಿ ಅಂದದ್ದು ಸಂಡಾಸದ ಹಂತ್ಯಾಕ ನಿಂತವರಿಗೂ ಕೇಳಿತ್ತು."

ಮುಗಿಯಿತು, ಇನ್ನು ಇವರು ಹೊರಟುಹೋಗುತ್ತಾರೆ ಎಂದುಕೊಂಡೆ. ವಸಂತಿಬಾಯಿ ಲೋಟ ಕೆಳಗಿಟ್ಟರು. ಓಣಿಯ ಕಡೆ ತಿರುಗಿ ನಿಂತರು.

"ಇಂದ್ರಾಬಾಯಿ ಕದ್ದಿಲ್ಲ! ನಾನು ಸುಳ್ಳು ಹೇಳಿದ್ದೆ!"

ಯಾರೂ ನಗಲಿಲ್ಲ. ಇಂದ್ರಾಬಾಯಿ ತಲೆಯಾಡಿಸಿ, ಒಂದನೆಯ ತಾರೀಕಿಗೆ ಬರುತ್ತೇನೆ ಎಂದರು. ಇಬ್ಬರೂ ಕೈ ಮುಗಿದರು. ನನಗೆ ಕುಣಿಯಬೇಕೆನಿಸಿತು. ಒಳಗೆ ಹೋಗಿ ರಾಚಿಯನ್ನು ಎತ್ತಿಕೊಳ್ಳೋಣ ಎಂದು ಹೆಜ್ಜೆ ಇಟ್ಟೆ. ಇಂದ್ರಾಬಾಯಿ ಹೊಸ್ತಿಲಿನಿಂದ ಸರಿಯಲಿಲ್ಲ.

"ಈಗ ನೀ ಹೇಳವ್ವಾ."

"ನಾನು? ನಾನು ಮಲಾಡಿಗೆ ಹೋಗಿ ಹೇಳಿದೆನಲ್ಲ. ಕಮಿಟಿಯ ಎದುರಿಗೂ ಹೇಳಿದೆ."

"ಅವರಿಗೆಲ್ಲಾ ಹೇಳೀದಿ. ನನಗ ಹೇಳಿಲ್ಲ."

ಹನುಮವ್ವ ನನ್ನ ಸೆರಗು ಜಗ್ಗಲಿಲ್ಲ. ಓಣಿಯ ಹೆಂಗಸರು ಯಾರೂ ಕದಲಲಿಲ್ಲ. ನಾನು ಅಕ್ಷರ ಕಲಿಸಿದ ಹೆಂಗಸರೇ ಎಲ್ಲ. ನೆಲ ನೋಡಿಕೊಂಡು, ಬಟ್ಟೆ ಕೊಟ್ಟವಳು ನಾನು, ಅವತ್ತು ಅದನ್ನು ಹೇಳದೆ ಬೇರೆಲ್ಲ ಮಾತಾಡಿದೆ, ತಪ್ಪು ನನ್ನದು ಎಂದೆ.

"ಕೇಳಸ್ಲಿಲ್ಲ" ಎಂದರು ಇಂದ್ರಾಬಾಯಿ.

ಮತ್ತೊಮ್ಮೆ ಹೇಳಿದೆ.